ನಾಲ್ಕರಲ್ಲಿ ಸೋತ ಸಿಲಿಂಡರ್ ಯಾವುದು?

ಸಿಗ್ನಲ್‌ನಲ್ಲಿ ನಿಂತ ಕಾರು ಲಯ ತಪ್ಪಿ ನಡುಗುವುದನ್ನು, ಆಕ್ಸಿಲರೇಟರ್ ಒತ್ತಿದರೆ ಮುಗ್ಗರಿಸುವುದನ್ನು ನೀವು ಗಮನಿಸಿರಬಹುದು. ಗ್ಯಾರೇಜಿನವರು ಇದನ್ನು ‘ಮಿಸ್ಸಿಂಗ್’ ಎನ್ನುತ್ತಾರೆ. ಯಾವುದೋ ಸಿಲಿಂಡರಿನಲ್ಲಿ ಇಂಧನ ಹೊತ್ತಿಕೊಳ್ಳುತ್ತಿಲ್ಲ ಅಥವಾ ಪೂರ್ತಿ ಉರಿಯುತ್ತಿಲ್ಲ ಎಂದು ಇದರ ಅರ್ಥ. ಕಾರಣ ತಿಳಿಯುವ ಮೊದಲೇ ಪ್ಲಗ್, ಕಾಯಿಲ್, ಇಂಜೆಕ್ಟರ್ ಎಂದು ಒಂದೊಂದನ್ನೇ ಹೊಸದಾಗಿ ಕೊಂಡು ಹಾಕಿಸಿ ಸಾವಿರಾರು ರೂಪಾಯಿ ಕಳೆದುಕೊಳ್ಳುವುದುಂಟು. ಅದರ ಅಗತ್ಯವಿಲ್ಲ.

ನಾಲ್ಕು ಸಿಲಿಂಡರಿನ ಪೆಟ್ರೋಲ್ ಇಂಜಿನ್ನನ್ನೇ ತೆಗೆದುಕೊಳ್ಳಿ. ಅದು ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಪ್ರತಿ ಸಿಲಿಂಡರಿನಲ್ಲೂ 400 ಸಲ ದಹನ ನಡೆಯಬೇಕು. ಏಕೆಂದರೆ ಎರಡು ಸುತ್ತಿಗೆ ಒಂದೇ ದಹನ. ಅಂದರೆ ಒಟ್ಟು ಸೆಕೆಂಡಿಗೆ ಸುಮಾರು 27. ಪ್ರತಿ ದಹನವೂ ಕ್ರ್ಯಾಂಕ್ ದಂಡವನ್ನು ತುಸು ಮುಂದಕ್ಕೆ ನೂಕುತ್ತದೆ. ದಂಡಕ್ಕೆ ಜೋಡಿಸಿದ ಹಲ್ಲುಚಕ್ರದ ಹಲ್ಲುಗಳು ಒಂದು ಸಂವೇದಕದ ಮುಂದೆ ಹಾಯುವ ಕಾಲಾಂತರವನ್ನು ಕಾರಿನ ಕಂಪ್ಯೂಟರ್ ಅಳೆಯುತ್ತಿರುತ್ತದೆ. ನೂಕು ಬರಬೇಕಾದ ಕ್ಷಣದಲ್ಲಿ ಚಕ್ರ ನಿಧಾನವಾದರೆ ಆ ಸರದಿಯ ಸಿಲಿಂಡರ್ ಸೋತಿದೆ ಎಂದು ಅದು ಗುರುತಿಸುತ್ತದೆ. ಎರಡನೆಯ ಸಿಲಿಂಡರಾದರೆ ಪಿ0302 ಎಂಬ ಸಂಕೇತ, ಹಲವು ಸಿಲಿಂಡರುಗಳಲ್ಲಿ ಗೊತ್ತುಗುರಿಯಿಲ್ಲದೆ ಆಗುತ್ತಿದ್ದರೆ ಪಿ0300. ಸಂಕೇತ ಹೇಳುವುದು ಸ್ಥಳವನ್ನು ಮಾತ್ರ, ಕಾರಣವನ್ನಲ್ಲ.

ಕಾರಣ ಹುಡುಕಲು ಪ್ರಯೋಗಾಲಯದ ಹಳೆಯ ನಿಯಮವೇ ಸಾಕು: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಕಾಯಿಲ್ ಇರುವ ಕಾರಾದರೆ, ಇಂಜಿನ್ ನಿಲ್ಲಿಸಿ ತಣ್ಣಗಾದ ಮೇಲೆ ಎರಡನೆಯದರ ಕಾಯಿಲನ್ನು ಮೂರನೆಯದಕ್ಕೂ ಮೂರನೆಯದನ್ನು ಎರಡನೆಯದಕ್ಕೂ ಹಾಕಿ, ಸಂಕೇತ ಅಳಿಸಿ ಓಡಿಸಿ ನೋಡಿ. ಈಗ ಪಿ0303 ಬಂದರೆ ದೋಷವಿರುವುದು ಕಾಯಿಲಿನಲ್ಲಿ. ಪಿ0302 ಅಲ್ಲೇ ಉಳಿದರೆ ಪ್ಲಗ್ಗನ್ನು, ಆನಂತರ ಇಂಜೆಕ್ಟರನ್ನು ಹೀಗೆಯೇ ಅದಲುಬದಲು ಮಾಡಿ. ಖರ್ಚಾಗುವುದು ಸಮಯ ಮಾತ್ರ. (ಇಂಜಿನ್ ಓಡುತ್ತಿರುವಾಗಲೇ ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕೀಳುವ ಹಳೆಯ ಕಾಲದ ಉಪಾಯವನ್ನು ಇಂದಿನ ಕಾರುಗಳಲ್ಲಿ ಮಾಡಲೇಬೇಡಿ; ಅಲ್ಲಿರುವುದು ಸಾವಿರಾರು ವೋಲ್ಟ್.)

ತೊಂದರೆ ಯಾವಾಗ ಕಾಣಿಸುತ್ತದೆ ಎಂಬುದೂ ಒಳ್ಳೆಯ ಸುಳಿವು. ಘಾಟಿ ಹತ್ತುವಾಗ ಸಿಲಿಂಡರಿಗೆ ಹೆಚ್ಚು ಗಾಳಿ ತುಂಬಿ ಅದರೊಳಗಿನ ಒತ್ತಡ ಏರುತ್ತದೆ. ಒತ್ತಡ ಹೆಚ್ಚಾದಷ್ಟೂ ಪ್ಲಗ್ಗಿನ ತುದಿಗಳ ನಡುವೆ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ತುದಿಗಳು ಸವೆದು ಅಂತರ ಹಿಗ್ಗಿದ್ದರೆ ಇನ್ನಷ್ಟು ಬೇಕು. ದುರ್ಬಲ ಕಾಯಿಲ್ ಸೋಲುವುದು ಇಲ್ಲಿಯೇ. ಬದಲಿಗೆ, ನಿಂತಾಗ ನಡುಗಿ ವೇಗದಲ್ಲಿ ಸರಿಹೋಗುವ ಇಂಜಿನ್ನಿನಲ್ಲಿ ಗಾಳಿಯ ಸೋರಿಕೆಯನ್ನು ಶಂಕಿಸಿ. ಬಿರುಕುಬಿಟ್ಟ ರಬ್ಬರ್ ಕೊಳವೆಯಿಂದ ನುಗ್ಗುವ ಗಾಳಿ ಅಲ್ಪವಾದರೂ, ನಿಂತಾಗ ಇಂಜಿನ್ ಸೇದುವ ಗಾಳಿಯೇ ಕಡಿಮೆಯಾದ್ದರಿಂದ ಅದರ ಪಾಲು ದೊಡ್ಡದಾಗುತ್ತದೆ.

ಇಲ್ಲೊಂದು ಮೋಸವಿದೆ. ಉರಿಯದ ಸಿಲಿಂಡರಿನಿಂದ ಪೆಟ್ರೋಲ್ ಮಾತ್ರವಲ್ಲ, ಆಕ್ಸಿಜನ್ ಕೂಡ ಹಾಗೆಯೇ ಹೊರಬೀಳುತ್ತದೆ. ಹೊಗೆಕೊಳವೆಯ ಸಂವೇದಕ ಅಳೆಯುವುದು ಆಕ್ಸಿಜನ್ನನ್ನು ಮಾತ್ರ. ‘ಇಂಧನ ಸಾಲದು’ ಎಂದು ಅದು ತಪ್ಪಾಗಿ ವರದಿ ಮಾಡುತ್ತದೆ. ಕಂಪ್ಯೂಟರ್ ಇನ್ನಷ್ಟು ಪೆಟ್ರೋಲ್ ಸುರಿಸುತ್ತದೆ! ಆ ಪೆಟ್ರೋಲ್ ಹೊಗೆಯನ್ನು ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ತಲುಪಿ ಅಲ್ಲಿ ಉರಿಯುತ್ತದೆ; ಅದರ ಪಿಂಗಾಣಿಯ ಜಾಲರಿ ಕರಗಲೂಬಹುದು. ಇಂಜಿನ್ ದೀಪ ಸ್ಥಿರವಾಗಿ ಬೆಳಗದೆ ಮಿನುಗತೊಡಗಿದರೆ ಅದು ಸಾಮಾನ್ಯವಾಗಿ ಈ ಅಪಾಯದ ಎಚ್ಚರಿಕೆ. ಕೂಡಲೇ ವೇಗ ತಗ್ಗಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ.

ಕಿಡಿ, ಇಂಧನ, ಗಾಳಿ ಮೂರೂ ಸರಿಯಿದ್ದರೆ ಉಳಿಯುವುದು ಸಿಲಿಂಡರಿನ ಸಂಪೀಡನ. ಇದನ್ನು ಮೆಕ್ಯಾನಿಕ್ ಪ್ಲಗ್ಗಿನ ರಂಧ್ರಕ್ಕೆ ಮಾಪಕ ಸಿಕ್ಕಿಸಿ ಅಳೆಯುತ್ತಾರೆ. ನಾಲ್ಕರಲ್ಲಿ ಒಂದು ಮಾತ್ರ ತೀರ ಕಡಿಮೆ ತೋರಿಸಿದರೆ ಅದರೊಳಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಒತ್ತಡ ಏರಿದರೆ ಎಣ್ಣೆ ಸಂದನ್ನು ಮುಚ್ಚಿತೆಂದರ್ಥ. ಪಿಸ್ಟನ್ನಿನ ಉಂಗುರಗಳು ಸವೆದಿವೆ. ಏರದಿದ್ದರೆ ಕವಾಟ ಸರಿಯಾಗಿ ಮುಚ್ಚುತ್ತಿಲ್ಲದಿರಬಹುದು. ಅಕ್ಕಪಕ್ಕದ ಎರಡರಲ್ಲೂ ಒತ್ತಡ ಕಡಿಮೆಯಿದ್ದರೆ, ಅವೆರಡರ ನಡುವೆ ಹೆಡ್ ಗ್ಯಾಸ್ಕೆಟ್ ಒಡೆದಿರುವ ಸಂಭವ ಹೆಚ್ಚು.