ಪೊಟ್ಟಣ ಕುಗ್ಗಿತು, ಬೆಲೆ ಕುಗ್ಗಲಿಲ್ಲ

ಮಕ್ಕಳೇ, ಅಸ್ಸಿಯ ತರಕಾರಿಯವನ ಬಳಿ ‘ಪಾವ್ ಭರ್’ ಎಂದರೆ ಕಾಲು ಕಿಲೋ ಎಂದು ನೀವೆಲ್ಲ ಬಲ್ಲಿರಿ. ನಿಮ್ಮ ಅಜ್ಜಿಯರು ಅಕ್ಕಿ ಅಳೆಯುತ್ತಿದ್ದ ಪಾವೂ ಸೇರಿನ ಕಾಲು ಭಾಗವೇ. ಅಳತೆ ಕಣ್ಣೆದುರೇ ಇರುತ್ತಿತ್ತು. ಬಣ್ಣದ ಪೊಟ್ಟಣದಲ್ಲಿ ಹಾಗಲ್ಲ; ಬೆಲೆ ಅಷ್ಟೇ ಇಟ್ಟು ತೂಕ ಇಳಿಸಿದರೆ ಗೊತ್ತೇ ಆಗುವುದಿಲ್ಲ.

ಬಿಸ್ಕತ್ತು, ಚಹಾಪುಡಿ ಮುಂತಾದವನ್ನು ಗೊತ್ತುಪಡಿಸಿದ ತೂಕಗಳಲ್ಲೇ ಮಾರಬೇಕೆಂಬ ನಿಯಮವನ್ನು 2021ರ ತಿದ್ದುಪಡಿ ತೆಗೆದುಹಾಕಿತು. ಬದಲಿಗೆ ಗ್ರಾಂ ಅಥವಾ ಕಿಲೋ ಲೆಕ್ಕದ ದರವನ್ನೂ ಅಚ್ಚು ಹಾಕಬೇಕೆಂದಿತು. ಅದನ್ನು ತಪ್ಪದೆ ಓದಿ. ಅವಲಕ್ಕಿ 500 ಗ್ರಾಂಗೆ 40 ರೂಪಾಯಿ, 400 ಗ್ರಾಂಗೆ 36 ಎಂದಿಟ್ಟುಕೊಳ್ಳಿ. ಎರಡನೆಯದೇ ಅಗ್ಗವೆನಿಸುತ್ತದೆ, ಆದರೆ ಕಿಲೋ ಲೆಕ್ಕದಲ್ಲಿ ಮೊದಲನೆಯದು 80, ಎರಡನೆಯದು 90!

ಹಾಗೆಂದು ಹುಳ ಹಿಡಿಯುವಷ್ಟು ತಂದಿಡಬೇಡಿ. ಲೆಕ್ಕ ನೋಡಿ ಕೊಳ್ಳುವುದು ಜಿಪುಣತನವಲ್ಲ, ಮನೆಯವರ ದುಡಿಮೆಗೆ ತೋರುವ ಗೌರವ.