ಬಿದ್ದ ಸಾಲು, ಎಡವಿದ ಸಾಲು

ಕನ್ನಡ ವಿಕಿಪೀಡಿಯದ ಲೇಖನವೊಂದನ್ನು ತಿದ್ದಿ, ಉಳಿಸುವ ಗುಂಡಿ ಒತ್ತಿದಿರಿ ಎನ್ನಿ. ದೂರದ ಸರ್ವರ್‌ನಲ್ಲಿ ಪಿಎಚ್‌ಪಿ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಓಡತೊಡಗುತ್ತದೆ. ನೀವು ಯಾರು, ಏನು ಬದಲಿಸಿದಿರಿ ಎಂದು ನೋಡಿ, ಡೇಟಾಬೇಸ್‌ಗೆ ಬರೆದು, ಹೊಸ ಪುಟ ಕಟ್ಟಿ ಬ್ರೌಸರ್‌ಗೆ ಕಳಿಸಿ ಮುಗಿದುಹೋಗುತ್ತದೆ. ಮುಂದಿನ ಮನವಿ ಬಂದಾಗ ಎಲ್ಲವೂ ಮತ್ತೆ ಮೊದಲಿನಿಂದ. ಹಿಂದಿನ ಓಟದ ಯಾವ ವೇರಿಯಬಲ್ ಕೂಡ ಮೆಮೊರಿಯಲ್ಲಿ ಉಳಿದಿರುವುದಿಲ್ಲ.

ಗ್ರೀನ್‌ಲೆಂಡ್‌ನಲ್ಲಿ ಹುಟ್ಟಿದ ರಾಸ್ಮಸ್ ಲೆರ್ಡಾರ್ಫ್ 1994ರಲ್ಲಿ ತನ್ನ ಸ್ವಂತ ಪುಟಕ್ಕೆಂದು ಬರೆದುಕೊಂಡ ಸಣ್ಣ ಸಲಕರಣೆಗಳಿಂದ ಬೆಳೆದ ಭಾಷೆ ಇದು. ಪ್ರತಿ ಮನವಿಗೂ ಹೊಸ ಹುಟ್ಟು ಎಂಬ ಈ ಏರ್ಪಾಡೇ ಅದರ ದೊಡ್ಡ ಗುಣ ಎಂದು ನಾನು ನಂಬುತ್ತೇನೆ. ಒಂದು ಓಟ ನಡುವೆಯೇ ಕುಸಿದುಬಿದ್ದರೂ ಸಾಯುವುದು ಅದೊಂದೇ. ಪಕ್ಕದಲ್ಲಿ ಇನ್ನೊಬ್ಬರು ಕೇಳಿದ ಪುಟಕ್ಕೆ ಏನೂ ಆಗುವುದಿಲ್ಲ.

ಹೀಗೆ ಕುಸಿಯುವುದಕ್ಕೆ ಫೇಟಲ್ ಎರರ್ ಎನ್ನುತ್ತಾರೆ. ಅರೇಯಲ್ಲಿ ಇಲ್ಲದ ಕೀ ಕೇಳಿದರೆ ಪಿಎಚ್‌ಪಿ ವಾರ್ನಿಂಗ್ ಕೊಟ್ಟು ಮುಂದುವರಿಯುತ್ತದೆ. ಇಲ್ಲದ ಫಂಕ್ಷನ್ ಕರೆದರೆ ಮುಂದಕ್ಕೆ ದಾರಿಯೇ ಇಲ್ಲ. ಆಗ ಬಳಕೆದಾರರಿಗೆ ಕಾಣುವುದು ಬರೀ ಬಿಳಿ ಪುಟ, ಇಲ್ಲವೇ 500 ಎಂಬ ಸಂಖ್ಯೆ. ಕಾರಣವನ್ನು ಪರದೆಯ ಮೇಲೆ ಹಾಕದಿರುವುದು ಬೇಕೆಂದೇ ಮಾಡಿರುವ ವ್ಯವಸ್ಥೆ. ದೋಷದ ಸಂದೇಶದಲ್ಲಿ ಫೈಲುಗಳ ಹೆಸರು, ಅವು ಇರುವ ಜಾಗ ಎಲ್ಲವೂ ಇರುತ್ತವೆ. ಕೆಡುಕು ಮಾಡಲು ಹೊಂಚುತ್ತಿರುವವರಿಗೆ ಅಷ್ಟು ಸುಳಿವು ಸಾಕು. ಹಾಗಾಗಿ ಸಾರ್ವಜನಿಕ ಸರ್ವರ್‌ನಲ್ಲಿ ಡಿಸ್‌ಪ್ಲೇ ಎರರ್ಸ್ ಆಫ್ ಇರಬೇಕು, ಸಂದೇಶ ಲಾಗ್ ಫೈಲಿಗೆ ಹೋಗಬೇಕು. ದೋಷ ಹುಡುಕುವವರು ಮೊದಲು ತೆರೆಯಬೇಕಾದ್ದು ಅದನ್ನೇ. ಲಾಗ್ ನೋಡದೆ ಕೋಡ್‌ಗೆ ಕೈಹಾಕುವುದು ಊಹೆಯ ಮೇಲೆ ಊಹೆ ಕಟ್ಟಿದಂತೆ.

ಲಾಗ್‌ನಲ್ಲಿ ದೋಷದ ಬಗೆ, ಫೈಲಿನ ಹೆಸರು, ಸಾಲಿನ ಸಂಖ್ಯೆ ಸಿಗುತ್ತವೆ. ಹೊಸಬರು ಮೋಸಹೋಗುವುದು ಈ ಸಾಲಿನ ಸಂಖ್ಯೆಯಲ್ಲೇ. ಅದು ಪ್ರೋಗ್ರಾಂ ಬಿದ್ದ ಜಾಗ. ಎಡವಿದ್ದು ಬೇರೆಲ್ಲೋ ಇರಬಹುದು.

ಹಳೆಯ ಆವೃತ್ತಿಗಳಲ್ಲಿ ಬಹಳ ಸಾಮಾನ್ಯವಾಗಿದ್ದ ಒಂದು ದೋಷವನ್ನು ನೋಡೋಣ. ಮೈಸೀಕ್ವೆಲ್ ಡೇಟಾಬೇಸ್‌ಗೆ ಪ್ರಶ್ನೆ ಕಳಿಸುವುದು 47ನೇ ಸಾಲು, ಉತ್ತರವನ್ನು ಬಿಡಿಸಿಕೊಳ್ಳುವುದು 48ನೇ ಸಾಲು. ಯಾರೋ ಟೇಬಲ್ಲಿನ ಒಂದು ಕಾಲಂ ಹೆಸರು ಬದಲಿಸಿದ್ದಾರೆ. ಪ್ರಶ್ನೆ ವಿಫಲವಾಗಿ, ಉತ್ತರದ ಜಾಗದಲ್ಲಿ 'ಫಾಲ್ಸ್' ಎಂಬ ಮೌಲ್ಯ ಬಂದು ಕೂತಿದೆ, ಸದ್ದಿಲ್ಲ. ಮುಂದಿನ ಸಾಲು ಆ ಫಾಲ್ಸ್‌ನಿಂದಲೇ ಉತ್ತರ ಬಿಡಿಸಲು ಹೋಗಿ ಸಾಯುತ್ತದೆ. ಲಾಗ್ ಬೆರಳು ತೋರುವುದು 48ರ ಕಡೆಗೆ. ಅಲ್ಲಿ 'ಉತ್ತರ ಇದ್ದರೆ ಮಾತ್ರ' ಎಂಬ ಷರತ್ತು ಸೇರಿಸಿದರೆ ದೋಷ ಮಾಯವಾಗುತ್ತದೆ, ಜೊತೆಗೆ ಪುಟದಲ್ಲಿ ಬರಬೇಕಿದ್ದ ಮಾಹಿತಿಯೂ ಮಾಯವಾಗುತ್ತದೆ! 2021ರಲ್ಲಿ ಬಂದ ಪಿಎಚ್‌ಪಿ 8.1ರಿಂದ ಮೈಸೀಕ್ವೆಲ್ಐ ವಿಸ್ತರಣೆ ಪ್ರಶ್ನೆ ವಿಫಲವಾದ ಕ್ಷಣವೇ, ಅಂದರೆ 47ನೇ ಸಾಲಿನಲ್ಲೇ, ತಾನಾಗಿ ಎಕ್ಸೆಪ್ಷನ್ ಎಸೆಯುತ್ತದೆ. ಎಷ್ಟೋ ಜನರ ಎಷ್ಟೋ ರಾತ್ರಿಗಳನ್ನು ಉಳಿಸಿದ ಬದಲಾವಣೆ ಇದು.

ಮೆಮೊರಿ ಮುಗಿದಾಗ ಬರುವ ದೋಷ ಇನ್ನಷ್ಟು ದಾರಿ ತಪ್ಪಿಸುತ್ತದೆ. 134217728 ಬೈಟ್ ಮುಗಿಯಿತು, ಇನ್ನೂ 20480 ಬೈಟ್ ಬೇಕಿತ್ತು ಎನ್ನುತ್ತದೆ ಸಂದೇಶ. ಆ ದೊಡ್ಡ ಸಂಖ್ಯೆ ಬೇರೇನಲ್ಲ, ಪಿಎಚ್‌ಪಿ ಒಂದು ಓಟಕ್ಕೆ ರೂಢಿಯಾಗಿ ಕೊಡುವ 128 ಮೆಗಾಬೈಟ್. ಜೊತೆಗಿರುವ ಸಾಲಿನಲ್ಲಿ ಒಂದು ಬಡಪಾಯಿ ಅಕ್ಷರ ಜೋಡಣೆ ಇರಬಹುದು, ಅಷ್ಟೇ. ಗಾಡಿಯ ಅಚ್ಚು ಮುರಿದಾಗ ಕೊನೆಯ ಮೂಟೆ ಹೇರಿದವನನ್ನು ಬೈದು ಪ್ರಯೋಜನವಿಲ್ಲ. ಲಕ್ಷಾಂತರ ಸಾಲುಗಳ ಟೇಬಲ್ಲನ್ನು ಒಂದೇ ಏಟಿಗೆ ಅರೇಗೆ ತುಂಬಿಸಿದ ಆದೇಶ ಎಲ್ಲೋ ಮೇಲೆ ಕೂತಿರುತ್ತದೆ. ಮಿತಿಯನ್ನು 256 ಮೆಗಾಬೈಟ್‌ಗೆ ಏರಿಸಿದರೆ ಇವತ್ತು ಪುಟ ತೆರೆಯುತ್ತದೆ. ಟೇಬಲ್ ಬೆಳೆದ ದಿನ ಮತ್ತೆ ಅದೇ ಕಥೆ. ನಿಜವಾದ ದುರಸ್ತಿ ಎಂದರೆ ಸಾಲುಗಳನ್ನು ಒಂದೊಂದಾಗಿ ತಂದು, ಬಳಸಿ, ಬಿಡುವುದು. ಭಾಷೆಯಲ್ಲಿ 2013ರಿಂದಲೇ ಜನರೇಟರ್ ಇರುವುದು ಇಂಥದ್ದಕ್ಕೇ. ಯಾವ ಘಟ್ಟದಲ್ಲಿ ಮೆಮೊರಿ ಏರಿತು ಎಂದು ಅಳೆಯುವ ಫಂಕ್ಷನ್ನುಗಳೂ ಇವೆ. ನಡುನಡುವೆ ಅವನ್ನು ಇಟ್ಟು ಲಾಗ್‌ಗೆ ಬರೆಸಿದರೆ ಏರಿದ ಜಾಗ ಸಿಕ್ಕಿಬೀಳುತ್ತದೆ.

ಮೆಮೊರಿಯಂತೆ ಸಮಯಕ್ಕೂ ಮಿತಿಯಿದೆ, ರೂಢಿಯಾಗಿ 30 ಸೆಕೆಂಡು. ಲಿನಕ್ಸ್‌ನಲ್ಲಿ ಈ ಗಡಿಯಾರ ಸ್ಕ್ರಿಪ್ಟ್ ತಾನೇ ದುಡಿದ ಸಮಯವನ್ನಷ್ಟೇ ಎಣಿಸುತ್ತದೆ, ಡೇಟಾಬೇಸ್‌ಗಾಗಿ ಕಾದು ಕೂತ ಸಮಯವನ್ನಲ್ಲ. ಆದ್ದರಿಂದ 30 ಸೆಕೆಂಡು ಮೀರಿತು ಎಂಬ ಸಂದೇಶ ಕಂಡರೆ ಕೋಡ್‌ನಲ್ಲೇ ಮುಗಿಯದ ಲೂಪ್ ಹುಡುಕಬೇಕು. ನಿಧಾನದ ಡೇಟಾಬೇಸ್ ಪ್ರಶ್ನೆಯಾದರೆ ಪಿಎಚ್‌ಪಿ ಸುಮ್ಮನಿರುತ್ತದೆ. ಅದರ ಮುಂದೆ ನಿಂತ ಎನ್‌ಜಿನ್‌ಎಕ್ಸ್‌ನಂಥ ವೆಬ್ ಸರ್ವರ್ ಕಾದು ಸಾಕಾಗಿ 504 ಎಂದು ಹೇಳಿ ಕಳಿಸುತ್ತದೆ.

ಆವೃತ್ತಿ ಬದಲಾದಾಗಿನ ದೋಷಗಳು ಇಷ್ಟು ಗೋಜಲಲ್ಲ. 2015ರ ಪಿಎಚ್‌ಪಿ 7 ಹಳೆಯ ಮೈಸೀಕ್ವೆಲ್ ಫಂಕ್ಷನ್ನುಗಳನ್ನು ಕಿತ್ತುಹಾಕಿತು. 'ಇಂಥ ಫಂಕ್ಷನ್ ಇಲ್ಲ' ಎಂದು ಲಾಗ್ ತೋರುವ ಸಾಲೇ ಸರಿಪಡಿಸಬೇಕಾದ ಸಾಲು.

ಲಾಗ್‌ನಲ್ಲಿ ಸಂದೇಶದ ಕೆಳಗೆ ಸ್ಟ್ಯಾಕ್ ಟ್ರೇಸ್ ಇದ್ದರೆ ಅದು ಯಾರು ಯಾರನ್ನು ಕರೆದರು ಎಂಬ ಸರಪಳಿ. ಸೊನ್ನೆಯ ಕೊಂಡಿ ದೋಷಕ್ಕೆ ಅತಿ ಹತ್ತಿರದ್ದು. ಅಲ್ಲಿಂದ ಕೆಳಕ್ಕಿಳಿಯುತ್ತ, ಲೈಬ್ರರಿಯ ಫೈಲುಗಳನ್ನು ದಾಟಿ, ನೀವೇ ಬರೆದ ಮೊದಲ ಫೈಲು ಸಿಕ್ಕಲ್ಲಿ ನಿಲ್ಲಿ. ಎಡವಿದ ಜಾಗ ಸಾಮಾನ್ಯವಾಗಿ ಅದರ ಆಸುಪಾಸಿನಲ್ಲೇ ಇರುತ್ತದೆ.

ಪಿಎಚ್‌ಪಿ 7ರಿಂದ ಬಹಳಷ್ಟು ಫೇಟಲ್ ದೋಷಗಳನ್ನು ಟ್ರೈ, ಕ್ಯಾಚ್ ಹಾಕಿ ಹಿಡಿಯಬಹುದು. ಹಿಡಿದು ಲಾಗ್‌ಗೂ ಬರೆಯದೆ ನುಂಗಿಬಿಡುವ ಖಾಲಿ ಕ್ಯಾಚ್ ಮಾತ್ರ ಕುಸಿತಕ್ಕಿಂತ ಕೆಟ್ಟದ್ದು, ಏಕೆಂದರೆ ಅಲ್ಲಿ ಸಾಕ್ಷಿಯೇ ಉಳಿಯುವುದಿಲ್ಲ. 2019ರ ವರ್ಡ್‌ಪ್ರೆಸ್ 5.2 ಮಾಡಿದ್ದು ಇದಕ್ಕೆ ವಿರುದ್ಧ: ಪ್ಲಗಿನ್ ಒಂದು ಕುಸಿದರೆ ನಿರ್ವಾಹಕರಿಗೆ ಇಮೇಲ್‌ನಲ್ಲಿ ಕೊಂಡಿ ಬರುತ್ತದೆ. ಆ ದಾರಿಯಿಂದ ಒಳಹೋದರೆ ಕೆಟ್ಟ ಪ್ಲಗಿನ್ ಅವರ ಪಾಲಿಗೆ ನಿಂತಿರುತ್ತದೆ, ರಿಪೇರಿ ಮಾಡಬಹುದು.

ತಿದ್ದಿದ ಮೇಲೆ, ವಿಫಲವಾಗಿದ್ದ ಅದೇ ಮನವಿಯನ್ನು ಅಷ್ಟೇ ದೊಡ್ಡ ಮಾಹಿತಿಯೊಂದಿಗೆ ಮತ್ತೆ ಕಳಿಸಿ ಲಾಗ್ ನೋಡಬೇಕು. ಹತ್ತು ಸಾಲಿನ ಪರೀಕ್ಷಾ ಟೇಬಲ್‌ನಲ್ಲಿ ಮೆಮೊರಿ ದೋಷ ಎಂದೂ ಕಾಣಿಸಿಕೊಳ್ಳದು. ಇಷ್ಟಾದರೂ ಅದೇ ದೋಷ, ಅದೇ ಸಾಲಿನಲ್ಲಿ ಮರುಕಳಿಸಿದರೆ ಮತ್ತೆ ಕೋಡ್ ಕೆದಕುವ ಮೊದಲು ಪಿಎಚ್‌ಪಿಯ ಆಪ್‌ಕ್ಯಾಶ್ ಕಡೆ ನೋಡಿ. ವೇಗಕ್ಕಾಗಿ ಅದು ಹಳೆಯ ಕೋಡನ್ನೇ ಮೆಮೊರಿಯಲ್ಲಿ ಹಿಡಿದಿಟ್ಟುಕೊಂಡಿರಬಹುದು. ಪಿಎಚ್‌ಪಿ ಸೇವೆಯನ್ನು ಒಮ್ಮೆ ರಿಲೋಡ್ ಮಾಡಿದರೆ ಹೊಸ ಕೋಡ್ ಜಾರಿಗೆ ಬರುತ್ತದೆ.