ಸೊನ್ನೆಯ ಶೇಕಡ ಐದು

2022ರ ನವೆಂಬರಿನಲ್ಲಿ ಬೆಂಗಳೂರಿನ ಆಟೋ ಚಾಲಕರ ಸಂಘದ ಬೆಂಬಲದೊಂದಿಗೆ ಶುರುವಾದ ‘ನಮ್ಮ ಯಾತ್ರಿ’ ಆ್ಯಪ್ ಬಾಡಿಗೆಯಲ್ಲಿ ಕಮಿಷನ್ ಮುರಿದುಕೊಳ್ಳಲಿಲ್ಲ. ಮರುವರ್ಷ ಚಾಲಕರು ದಿನಕ್ಕೆ 25 ರೂಪಾಯಿ ಕಟ್ಟುವ ಚಂದಾ ಬಂತು. ಆಮೇಲೆ ದೊಡ್ಡ ಕಂಪನಿಗಳೂ ಅದೇ ದಾರಿ ಹಿಡಿದವು. 2025ರ ಫೆಬ್ರವರಿಯಲ್ಲಿ ಊಬರ್ ಕೂಡ ಆಟೋಗಳ ಮಟ್ಟಿಗೆ ಕಮಿಷನ್ ಕೈಬಿಟ್ಟಿತು: ದರ ಸೂಚಿಸುವುದಷ್ಟೇ ತನ್ನ ಕೆಲಸ, ಹಣ ನೇರವಾಗಿ ಚಾಲಕನಿಗೆ. ಚಾಲಕನ ಜೇಬಿಗೆ ಇದು ಒಳ್ಳೆಯದೇ. ಕಮಿಷನ್ ಕಾಲ ಮರಳಲಿ ಎಂದು ನಾನಂತೂ ಹೇಳಲಾರೆ.

ಆದರೆ ಆ ಚಾಲಕನಿಗಾಗಿ ಮಾಡಿದ ಕಾನೂನುಗಳು ಹಳೆಯ ಕಮಿಷನ್ ಲೆಕ್ಕದ ಮೇಲೇ ನಿಂತಿವೆ. 2020ರ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದದ್ದು 2025ರ ನವೆಂಬರಿನಲ್ಲಿ. ಅದರಂತೆ ಆ್ಯಪ್ ಕಂಪನಿ ತನ್ನ ವಾರ್ಷಿಕ ವಹಿವಾಟಿನ ಶೇ. 1ರಿಂದ 2ರಷ್ಟನ್ನು ಕಾರ್ಮಿಕರ ನಿಧಿಗೆ ಕೊಡಬೇಕು. ಜೊತೆಗೊಂದು ಮಿತಿಯಿದೆ: ಆ ಮೊತ್ತ, ಕಂಪನಿಯು ಕಾರ್ಮಿಕರಿಗೆ ಕೊಡುವ ಹಣದ ಶೇ. 5ನ್ನು ಮೀರಬಾರದು.

ಒಬ್ಬ ಚಾಲಕ ದಿನಕ್ಕೆ ಸಾವಿರ ರೂಪಾಯಿ ದುಡಿಯುತ್ತಾನೆ, ಕಮಿಷನ್ ಶೇ. 20 ಎಂದಿಟ್ಟುಕೊಳ್ಳಿ. ಕಂಪನಿಯ ವಹಿವಾಟು 200; ಶೇ. 1ರಂತೆ ನಿಧಿಗೆ ಎರಡು ರೂಪಾಯಿ. ಚಂದಾ ಪದ್ಧತಿಯಲ್ಲಿ ವಹಿವಾಟು 25ಕ್ಕೆ ಇಳಿಯುತ್ತದೆ, ನಿಧಿಗೆ ಕಾಲು ರೂಪಾಯಿ. ಅದೂ ಖಾತ್ರಿಯಿಲ್ಲ. ಕಂಪನಿ ಚಾಲಕನಿಗೆ ಏನನ್ನೂ ಕೊಡುವುದೇ ಇಲ್ಲವಲ್ಲ, ಸೊನ್ನೆಯ ಶೇ. 5 ಎಂದರೆ ಸೊನ್ನೆಯೇ! ಸಂಹಿತೆಯ ವ್ಯಾಖ್ಯೆಯಂತೆ ಕಂಪನಿ ಹೊಣೆಗಾರನೇ. ಕೊಡಬೇಕಾದ ಬಾಕಿ ಮಾತ್ರ ಮಾಯ.

ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ ಇನ್ನಷ್ಟು ಮುಂದೆ ಹೋಗಿ, ಪ್ರತಿ ವಹಿವಾಟಿನಲ್ಲೂ ಕಾರ್ಮಿಕನಿಗೆ ಸಲ್ಲುವ ಹಣದ ಮೇಲೆ ಶೇ. 1ರಿಂದ 5ರ ಕಲ್ಯಾಣ ಶುಲ್ಕ ಹಾಕುತ್ತದೆ. ಪ್ರಯಾಣಿಕ ಇಳಿಯುವಾಗ ಚಾಲಕನ ಕ್ಯೂಆರ್ ಕೋಡಿಗೆ ಹಾಕಿದ 120 ರೂಪಾಯಿ ಯಾವ ಕಂಪನಿಯ ಖಾತೆಯನ್ನೂ ಹಾಯುವುದಿಲ್ಲ. ಆ ಕಾಯ್ದೆಯ ಕಲ್ಯಾಣ ಮಂಡಳಿ ಅದನ್ನು ಎಲ್ಲಿ ಹಿಡಿದು ಎಣಿಸಬೇಕು?

ಇದು ಬರಿಯ ಊಹೆಯಲ್ಲ, ಜಿಎಸ್‌ಟಿಯಲ್ಲಿ ಈ ಗೊಂದಲ ಆಗಲೇ ಆಗಿದೆ. ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರ 2023ರಲ್ಲಿ ನಮ್ಮ ಯಾತ್ರಿಗೆ ಬಾಡಿಗೆಯ ಮೇಲಿನ ತೆರಿಗೆಯ ಹೊಣೆಯಿಲ್ಲ ಎಂದಿತು. 2024ರಲ್ಲಿ ಚಂದಾ ಪದ್ಧತಿಯ ಬಗ್ಗೆಯೇ ಕೇಳಿದ ಊಬರ್‌ಗೆ ಹೊಣೆಯಿದೆ ಎಂದಿತು. ತೆರಿಗೆಯ ಜಗಳವನ್ನು ಕಂಪನಿಗಳ ವಕೀಲರು ನೋಡಿಕೊಳ್ಳುತ್ತಾರೆ. ಅಪಘಾತದ ಪರಿಹಾರಕ್ಕಾಗಿ ಮಂಡಳಿಯ ಬಾಗಿಲಿಗೆ ಬರುವವರಿಗೆ ಆ ಅನುಕೂಲವಿಲ್ಲ.

2029-30ರ ಹೊತ್ತಿಗೆ ದೇಶದ ಗಿಗ್ ಕಾರ್ಮಿಕರು 2.35 ಕೋಟಿ ಆಗುತ್ತಾರೆ ಎಂದು ನೀತಿ ಆಯೋಗದ 2022ರ ವರದಿ ಅಂದಾಜಿಸಿದೆ. ಹೀಗೆ ನಿಧಿಯ ಪಾಲುದಾರರು ಹೆಚ್ಚುತ್ತಾರೆ, ಆದರೆ ಚಂದಾ ಪದ್ಧತಿ ಆಟೋ ದಾಟಿ ಹರಡಿದಷ್ಟೂ ನಿಧಿಗೆ ಬರುವ ಹಣ ಇಳಿಯುತ್ತದೆ. ಆ್ಯಪ್‌ನಲ್ಲಿ ಮುಗಿದ ಪ್ರತಿ ಟ್ರಿಪ್ಪಿನ ದಾಖಲೆ ಕಂಪನಿಯ ಸರ್ವರಿನಲ್ಲಿ ಇದ್ದೇ ಇರುತ್ತದೆ. ಹಣ ಯಾರ ಕೈಗೆ ಹೋದರೂ ಟ್ರಿಪ್ಪಿಗಿಷ್ಟು ಎಂದು ಕಂಪನಿಯಿಂದಲೇ ವಸೂಲು ಮಾಡಲು ಒಂದು ತಿದ್ದುಪಡಿ ಸಾಕು, ಅದು ಮೊದಲ ದೊಡ್ಡ ಪರಿಹಾರದ ಅರ್ಜಿಗಳು ಬರುವ ಮುಂಚೆ ಆಗಬೇಕು.